ಕಡಲಿಗಿಳಿದ ಲಾರಿ ಎಂಜಿನ್

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಇಳಿದು, ಚಂದಾಪುರ, ಅತ್ತಿಬೆಲೆ ದಾಟಿದರೆ ಹೊಸೂರು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಅಲ್ಲಿ ಕಾರ್ಖಾನೆ ತೆರೆದ ಮೇಲೆ ಈ ರಸ್ತೆಗೆ ಹೊಸ ನೋಟವೊಂದು ಸೇರಿತು. ಬಾಡಿ ಇಲ್ಲದ ಬರೀ ಚಾಸಿ, ಅದರ ಮೇಲೊಂದು ಎಂಜಿನ್, ತಲೆಗೆ ಟವೆಲ್ ಸುತ್ತಿಕೊಂಡು ಗಾಳಿಗೆ ಮುಖ ಒಡ್ಡಿ ಕೂತ ಚಾಲಕ. ಐಟಿ ಕಂಪನಿಗಳ ಬಸ್ಸಿನಲ್ಲಿ ಕೂತವರು ಆ ಚಾಸಿಗಳನ್ನು ನೋಡಿ ನೋಡಿ ನೋಡುವುದನ್ನೇ ಬಿಟ್ಟಿದ್ದಾರೆ. ಆದರೆ ಅದೇ ವಂಶದ ಎಂಜಿನ್ನುಗಳು ಇಲ್ಲಿಂದ ಸುಮಾರು ನಾನೂರು ಕಿಲೋಮೀಟರ್ ದೂರದ ಮಲ್ಪೆಯಲ್ಲಿ, ಮಂಗಳೂರಿನ ಮೀನುಬಂದರಾದ ದಕ್ಕೆಯಲ್ಲಿ, ಗಂಗೊಳ್ಳಿ, ಹೊನ್ನಾವರಗಳಲ್ಲಿ ಮರದ ಬೋಟುಗಳ ಹೊಟ್ಟೆಯೊಳಗೆ ಕೂತು ದಶಕಗಟ್ಟಲೆ ಬಲೆ ಎಳೆದಿವೆ. ಮಲ್ಪೆಯವರು ಒಂದು ಬಗೆಯ ಟ್ರಾಲ್ ಬೋಟನ್ನು ಕರೆಯುವುದೇ ‘ತ್ರಿಸೆವೆಂಟಿ’ ಎಂದು. ಲೇಲ್ಯಾಂಡಿನ 370 ಎಂಜಿನ್ನಿನಿಂದ ಬಂದ ಹೆಸರು ಅದು. 370 ಎಂದರೆ ಘನ ಇಂಚುಗಳಲ್ಲಿ ಸಿಲಿಂಡರುಗಳ ಅಳತೆ, ಸುಮಾರು ಆರು ಲೀಟರು. ಊರಿನ ಲಾರಿ, ಬಸ್ಸುಗಳನ್ನು ಓಡಿಸಿದ್ದೂ ಅದೇ.

ನಮ್ಮ ಟ್ರಾಲ್ ಬೋಟುಗಳು ಮೂವತ್ತು ವರ್ಷ ಕಳೆದರೂ ನೀರಿಗಿಳಿಯುವುದಕ್ಕೆ ಮರದ ಗಟ್ಟಿತನ ಕಾರಣ ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಲಾರಿಯ ಮೆಕ್ಯಾನಿಕ್ಕು, ಲಾರಿಯ ಬಿಡಿಭಾಗದ ಅಂಗಡಿ, ಲಾರಿಯ ಲೇತ್ ಶಾಪು ಕಡಲತೀರದ ಪ್ರತಿ ಪೇಟೆಯಲ್ಲೂ ಇದ್ದದ್ದೇ ಈ ಬೋಟುಗಳಿಗೆ ಆಯುಷ್ಯ ಕೊಟ್ಟಿತು.

ಕಥೆ ಶುರುವಾಗುವುದು ಲಾರಿಯಿಂದಲ್ಲ, ನಾರ್ವೆಯಿಂದ. 1952ರ ಅಕ್ಟೋಬರಿನಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಯ ನಡುವೆ ಒಪ್ಪಂದವಾಗಿ, ಮರುವರ್ಷ ಕೊಲ್ಲಂ ಬಳಿಯ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಆರಂಭವಾಯಿತು. ನಾರ್ವೆಯವರು ಮೊದಲು ಊರಿನ ದೋಣಿಗಳಿಗೇ ಎಂಜಿನ್ ಕೂರಿಸಲು ನೋಡಿದರು. ಅಲೆಯ ಮೇಲೆ ತೇಲಲೆಂದು ಹಗುರವಾಗಿ ಕಟ್ಟಿದ ದೋಣಿಗಳು ಎಂಜಿನ್ನಿನ ನಡುಕವನ್ನು ತಾಳಲಿಲ್ಲ. ಆಗ ಇಪ್ಪತ್ತೆರಡು, ಇಪ್ಪತ್ತೈದು ಅಡಿಯ ಹೊಸ ಬೋಟುಗಳನ್ನೇ ರೂಪಿಸಿದರು. ಬಡ ಮೀನುಗಾರನ ತಟ್ಟೆಗೆ ಹೆಚ್ಚು ಮೀನು ಬರಲಿ ಎಂಬುದು ಯೋಜನೆಯ ಉದ್ದೇಶವಾಗಿತ್ತು. ಆದದ್ದು ಬೇರೆ. ತಳದಲ್ಲಿ ಎಳೆಯುವ ಟ್ರಾಲ್ ಬಲೆಗೆ ಸಿಗಡಿ ಬಿತ್ತು, ಸಿಗಡಿಗೆ ಅಮೆರಿಕ, ಜಪಾನಿನಲ್ಲಿ ಬೆಲೆ ಬಂತು, ಮಂಜುಗಡ್ಡೆ ಕಾರ್ಖಾನೆಗಳು ಎದ್ದವು. ಅಲ್ಲಿಂದ ಮುಂದೆ ಬೋಟಿನ ಉದ್ದ, ಎಂಜಿನ್ನಿನ ಹಾರ್ಸ್‌ಪವರ್ ಎರಡನ್ನೂ ಸಿಗಡಿಯ ದರವೇ ತೀರ್ಮಾನಿಸುತ್ತ ಬಂತು.

1960ರ ದಶಕದಲ್ಲಿ ಯೋಜನೆ ಕಾರವಾರಕ್ಕೂ ಹಬ್ಬಿತು. ಕರಾವಳಿಯಲ್ಲಿ ಮೂವತ್ತು ಮೂವತ್ತೆರಡು ಅಡಿಯ, ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ಸಣ್ಣ ಟ್ರಾಲ್ ಬೋಟುಗಳು ಕಾಣಿಸಿಕೊಂಡವು. 1975ರ ಹೊತ್ತಿಗೆ ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟು ಬಂತು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆಗೆ ಸರಿಯಿತು. ರಂಪಣಿಯವರಿಗೂ ಪರ್ಸಿನ್‌ನವರಿಗೂ ಆದ ಜಗಳ, ಆ ನೋವು ದೊಡ್ಡ ಕಥೆ. ಇಲ್ಲಿ ಅದನ್ನು ಮುಟ್ಟಿ ಬಿಡುತ್ತೇನೆ.

ಎಂಜಿನ್ನಿಗೆ ಬರೋಣ. ಸಣ್ಣ ಬೋಟುಗಳಿದ್ದಾಗ ಸಣ್ಣ ಎಂಜಿನ್ ಸಾಕಿತ್ತು. ದಡದ ಹತ್ತಿರದ ಮೀನು ತೀರುತ್ತ ಬಂದು, ಬೋಟು ಆಳಕ್ಕೆ ಹೋಗಿ ವಾರಗಟ್ಟಲೆ ಕಡಲಲ್ಲೇ ಇರಬೇಕಾದಾಗ ನೂರು ಹಾರ್ಸ್‌ಪವರಿನ ಆಸುಪಾಸಿನ, ಅಗ್ಗದ, ಎಲ್ಲಿಯೂ ದುರಸ್ತಿಯಾಗುವ ಎಂಜಿನ್ ಬೇಕಾಯಿತು. ಲಾರಿಯದು ಸಿದ್ಧವಾಗಿಯೇ ಇತ್ತು. 1948ರಲ್ಲಿ ಮದ್ರಾಸಿನ ಎಣ್ಣೂರಿನಲ್ಲಿ ಆಸ್ಟಿನ್ ಕಾರು ಜೋಡಿಸಲು ಹುಟ್ಟಿದ ಅಶೋಕ್ ಮೋಟರ್ಸ್, ಇಂಗ್ಲೆಂಡಿನ ಲೇಲ್ಯಾಂಡ್ ಜೊತೆ ಸೇರಿ 1955ರಲ್ಲಿ ಹೆಸರು ಬದಲಿಸಿಕೊಂಡಿತ್ತು. ಕಾರು ಮರೆತು ಲಾರಿಗೆ ತಿರುಗಿದ ಆ ಕಂಪನಿಯೇ ಎಂಜಿನ್ನಿನ ಕಡಲ ಮಾದರಿಯನ್ನೂ ಮಾರತೊಡಗಿತು.

ಲಾರಿ ಎಂಜಿನ್ ಕಡಲಿಗಿಳಿಯಬೇಕಾದರೆ ಮೊದಲು ಮುಂದಿನ ಫ್ಯಾನು, ರೇಡಿಯೇಟರು ತೆಗೆಯಬೇಕು. ಬೋಟಿನ ಹೊಟ್ಟೆಯೊಳಗೆ ಗಾಳಿ ಎಲ್ಲಿಂದ ಬಂದೀತು? ಆ ಜಾಗಕ್ಕೆ ಕೊಳವೆಗಳ ಕಟ್ಟೊಂದು ಬರುತ್ತದೆ. ಎಂಜಿನ್ನಿನೊಳಗೆ ಸುತ್ತುವ ಸಿಹಿನೀರು ಕೊಳವೆಯ ಒಂದು ಮಗ್ಗುಲಲ್ಲಿ, ಪಂಪು ಎಳೆದುತಂದ ಉಪ್ಪುನೀರು ಇನ್ನೊಂದು ಮಗ್ಗುಲಲ್ಲಿ. ನೀರು ನೀರಿಗೆ ಬಿಸಿ ದಾಟಿಸುತ್ತದೆ, ಒಂದಕ್ಕೊಂದು ಬೆರೆಯುವುದಿಲ್ಲ. ಬೆರೆತ ದಿನ ಎಂಜಿನ್ ಕೆಟ್ಟಿತೆಂದೇ ಲೆಕ್ಕ. ಹಿಂದೆ ಲಾರಿಯ ಗೇರ್‌ಬಾಕ್ಸ್ ಬದಲಿಗೆ ಮುಂದಕ್ಕೊಂದು, ಹಿಂದಕ್ಕೊಂದು ಗೇರಿರುವ, ವೇಗವನ್ನು ಎರಡು ಮೂರು ಪಟ್ಟು ಇಳಿಸುವ ಪೆಟ್ಟಿಗೆ. ದೊಡ್ಡ ಪ್ರೊಪೆಲ್ಲರ್ ನಿಧಾನವಾಗಿ ತಿರುಗಿದರೇ ಎಳೆತ ಹೆಚ್ಚು. ಎರಡೂ ಬದಿಯ ಬೋರ್ಡುಗಳು ಬಲೆಯ ಬಾಯಿ ತೆರೆದು ಹಿಡಿದಿರುವಾಗ ಬೋಟು ಗಂಟೆಗೆ ಎರಡೂವರೆ ಮೂರು ನಾಟಿಕಲ್ ಮೈಲಿಗಿಂತ ಜೋರಾಗಿ ಹೋಗದು, ಆದರೆ ಎಂಜಿನ್ ಪೂರ್ತಿ ಭಾರ ಹೊತ್ತಿರುತ್ತದೆ. ಭರ್ತಿ ಲೋಡಿನ ಲಾರಿ ಸೆಕೆಂಡ್ ಗೇರಿನಲ್ಲಿ ಶಿರಾಡಿ ಘಾಟಿ ಹತ್ತಿದಂತೆ. ಇಲ್ಲಿ ಘಾಟಿ ಮುಗಿಯುವುದೇ ಇಲ್ಲ, ಅಷ್ಟೇ ವ್ಯತ್ಯಾಸ. ಬಲೆ ಎತ್ತುವ ವಿಂಚನ್ನೂ ಹಳೆ ಲಾರಿಯ ಡಿಫರೆನ್ಷಿಯಲ್ಲಿನಿಂದಲೇ ಕಟ್ಟಿಕೊಂಡವರಿದ್ದಾರೆ.

ಈ ಎಂಜಿನ್ನಿಗೆ ಡೀಸೆಲ್ ಹನಿಸುವ ಪಂಪು ಬೆಂಗಳೂರಿನದು. 1951ರಲ್ಲಿ ಆರಂಭವಾಗಿ ಆಡುಗೋಡಿಯಲ್ಲಿ ನೆಲೆಯೂರಿದ ಮೋಟರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ಮೈಕೋ. 2008ರಲ್ಲಿ ಅದರ ಹೆಸರು ಬಾಷ್ ಆಯಿತು, ಮುಂದೆ ಉತ್ಪಾದನೆ ಬಿಡದಿಯ ಕಡೆ ಸರಿಯಿತು. ಆದರೆ ಕರಾವಳಿಯ ಮೆಕ್ಯಾನಿಕ್ಕಿಗೆ ಇಂದಿಗೂ ಅದು ಮೈಕೋ ಪಂಪೇ. ಪಂಪು ಕೈಕೊಟ್ಟರೆ ಬಿಚ್ಚಿ ಮಂಗಳೂರಿನಲ್ಲೋ ಉಡುಪಿಯಲ್ಲೋ ಟೆಸ್ಟ್ ಬೆಂಚಿಗೆ ಹಾಕಿಸಿ ತರುತ್ತಾರೆ. ಗೇರು ಕಟಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಶಾಫ್ಟ್ ತಿರುವುವ ಕೆಲಸಗಳಲ್ಲಿ ಕೈ ಪಳಗಿಸಿಕೊಂಡ ಪೀಣ್ಯದಂಥ ಜಾಗದಲ್ಲಿ ನಿಂತು ನೋಡಿದರೆ ಇದರಲ್ಲಿ ಬೆರಗೇನೂ ಇಲ್ಲ. ಕಡಲನ್ನೇ ಕಾಣದ ಬಯಲುಸೀಮೆಯ ಒಂದು ಲೇತು ಮಾಡಬಲ್ಲದ್ದಷ್ಟೇ ಬೋಟಿಗೂ ಬೇಕಾದದ್ದು. ಜರ್ಮನಿಯಿಂದ ಹಡಗಿನಲ್ಲಿ ಬರಬೇಕಾದ ಬಿಡಿಭಾಗವಾಗಿದ್ದರೆ ಒಂದು ಸೀಸನ್ನೇ ಹೋಗುತ್ತಿತ್ತು.

ಲಾರಿ ಎಂಜಿನ್ ಕಡಲಿಗಿಳಿದದ್ದು ನಮ್ಮಲ್ಲಿ ಮಾತ್ರ ಎಂದು ತಿಳಿಯಬೇಕಿಲ್ಲ. ಪಶ್ಚಿಮದ ದೇಶಗಳಲ್ಲಿ ‘ಟ್ರಾಲರ್’ ಎಂಬ ಹೆಸರಿನ ವಿಹಾರದೋಣಿಗಳಿವೆ. ಅವು ಜನ್ಮದಲ್ಲಿ ಒಂದು ಬಲೆ ಎಳೆದಿಲ್ಲ. ಮೀನುಬೋಟಿನ ಮೈಕಟ್ಟು, ಒಳಗೆ ಹಾಸಿಗೆ, ಅಡುಗೆಮನೆ. ಅವುಗಳಲ್ಲಿ ಹೆಸರಾದ ಗ್ರ್ಯಾಂಡ್ ಬ್ಯಾಂಕ್ಸ್ ದೋಣಿಗಳನ್ನು 1960ರ ದಶಕದಲ್ಲಿ ಕಟ್ಟತೊಡಗಿದ್ದು ಹಾಂಗ್‌ಕಾಂಗಿನ ಅಮೆರಿಕನ್ ಮರೀನ್ ಎಂಬ ಕಂಪನಿ. 1973ರವರೆಗೆ ಅವು ಮರದವು, ಆಮೇಲೆ ಫೈಬರ್‌ಗ್ಲಾಸಿನವು. ಹಲವುಗಳಲ್ಲಿ ಇರುವುದು ಫೋರ್ಡ್ ಲೇಮನ್ ಎಂಬ ಎಂಜಿನ್. ಇಂಗ್ಲೆಂಡಿನ ಫೋರ್ಡ್ ಲಾರಿಯ 380 ಘನ ಇಂಚಿನ ಎಂಜಿನ್ನನ್ನು ನ್ಯೂಜೆರ್ಸಿಯ ಲೇಮನ್ ಕಂಪನಿ ಕಡಲಿಗೆ ಒಗ್ಗಿಸಿ ಕೊಟ್ಟದ್ದು ಅದು. ನಮ್ಮದು 370, ಅವರದು 380. ನಿವೃತ್ತಿಯ ಹಣದಲ್ಲಿ ಅರ್ಧ ಶತಮಾನ ಹಳೆಯ ಗ್ರ್ಯಾಂಡ್ ಬ್ಯಾಂಕ್ಸ್ ಕೊಂಡು ಭಾನುವಾರಗಳನ್ನೆಲ್ಲ ಅದರ ಎಂಜಿನ್ ಕೋಣೆಯಲ್ಲಿ ಕಳೆಯುವ ಅಮೆರಿಕನ್ನನಿಗೂ ಮಲ್ಪೆಯ ಬೋಟಿನ ಮಾಲೀಕನಿಗೂ ಕೆಲಸದ ಪಟ್ಟಿ ಒಂದೇ. ಅವನಿಗೆ ಅದು ಹವ್ಯಾಸ, ಇವನಿಗೆ ಸಾಲದ ಕಂತು.

ದುರಸ್ತಿಯ ಕಾಲ ನಮ್ಮಲ್ಲಿ ಮಳೆಗಾಲ. ಮೊದಲಿನಿಂದಲೂ ಮಳೆಗಾಲದ ಕಡಲು ಬೋಟುಗಳನ್ನು ದಡಕ್ಕೆ ಅಟ್ಟುತ್ತಿತ್ತು. 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ನಂತರ ಅದು ಕಾನೂನಿನ ಕಟ್ಟೂ ಆಯಿತು. ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಬೋಟು ಕಡಲಿಗಿಳಿಯುವಂತಿಲ್ಲ. ಮೀನಿನ ಸಂತತಿಗೆಂದು ಮಾಡಿದ ನಿಷೇಧ ಬೋಟಿನ ಸಂತತಿಯನ್ನೂ ಕಾಯ್ದಿತು ಎನ್ನಬಹುದು. ವಾರಾಂತ್ಯಕ್ಕೆಂದು ವೈಟ್‌ಫೀಲ್ಡಿನಿಂದ ಕಾರು ಹತ್ತಿ ಮಲ್ಪೆಗೆ ಹೋದವರು ಆ ತಿಂಗಳುಗಳಲ್ಲಿ ಬಂದರಿನ ಕಡೆ ಕಾಲು ಹಾಕಿದರೆ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುವುದನ್ನು, ದಡಕ್ಕೆ ಎಳೆದವು ಮರದ ಆಸರೆಗಳ ಮೇಲೆ ಕೂತಿರುವುದನ್ನು ಕಾಣಬಹುದು. ಬಹಳ ಮಂದಿ ಸೇಂಟ್ ಮೇರೀಸ್ ದ್ವೀಪದ ಲಾಂಚು ನಿಂತಿದೆಯೆಂದು ಬೇಜಾರಾಗಿ ವಾಪಸ್ಸಾಗುತ್ತಾರೆ. ನೋಡಬೇಕಾದದ್ದು ಇಲ್ಲಿತ್ತು.

ದಡಕ್ಕೆ ಬಂದ ಬೋಟಿನ ಅಡಿಯನ್ನು ಮೊದಲು ಕೆರೆದು ತೊಳೆಯುತ್ತಾರೆ. ಅಂಟಿದ ಚಿಪ್ಪುಗಳು ಬೋಟನ್ನು ಹಿಡಿದೆಳೆದು ಡೀಸೆಲ್ ಕುಡಿಸಿರುತ್ತವೆ. ಆಮೇಲೆ ಆಚಾರಿ ಸುತ್ತಿಗೆ ಹಿಡಿದು ಹಲಗೆ ಹಲಗೆಯನ್ನೂ ತಟ್ಟುತ್ತಾನೆ. ಗಟ್ಟಿ ಮರದ ಸದ್ದು ಬೇರೆ, ಒಳಗೆ ಟೊಳ್ಳಾದುದರ ಸದ್ದು ಬೇರೆ. ಹೆಬ್ಬಲಸು, ಸಾಗುವಾನಿಯಂಥ ಮರವನ್ನೂ ಕೊರೆಯುವ ಮರಹುಳ ಹೆಸರಿಗೆ ಹುಳವಾದರೂ ಜಾತಿಯಲ್ಲಿ ಮರುವಾಯಿಯ ದೂರದ ನೆಂಟ. ಸೂಜಿಮೊನೆಯಷ್ಟು ತೂತಿನಲ್ಲಿ ಒಳಹೊಕ್ಕು ಅಲ್ಲೇ ಬೆಳೆದು ಸುರಂಗ ತೋಡುತ್ತದೆ. ಹೊರಗಿನಿಂದ ಹಲಗೆ ಹೊಸದರಂತೆಯೇ ಕಾಣುತ್ತದೆ. ಈ ಹುಳಕ್ಕೆ ಸಿಹಿನೀರು ಆಗದು. ಮಳೆಗಾಲದಲ್ಲಿ ಗುರುಪುರ ಹೊಳೆಯ ತುಂಬ ಸಿಹಿನೀರೇ ಹರಿಯುವಾಗ ಅಲ್ಲಿ ಕಟ್ಟಿಹಾಕಿದ ಬೋಟುಗಳಿಗೆ ಖರ್ಚಿಲ್ಲದ ಮದ್ದು ಸಿಕ್ಕಿದಂತಾಯಿತು. ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಹಳೆಯ ಕ್ರಮ. ಕೊಚ್ಚಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅಲ್ಯೂಮಿನಿಯಂ ತಗಡಿನ ಹೊದಿಕೆಯನ್ನು, ಮುಂದೆ ಫೈಬರಿನ ಹೊದಿಕೆಯನ್ನು ಪ್ರಯೋಗಿಸಿ ತೋರಿಸಿತು.

ಹುಳಕ್ಕಿಂತ ಕಳ್ಳ ಮೊಳೆ. ಕಬ್ಬಿಣದ ಮೊಳೆ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುವಾಗ ತನ್ನ ಸುತ್ತಲ ಮರವನ್ನೂ ಕಪ್ಪಗೆ ಮಾಡಿ ಮೆತ್ತಗಾಗಿಸುತ್ತದೆ. ಮೊಳೆ ಬದಲಿಸಿದರೆ ಹೊಸ ಮೊಳೆಗೆ ಹಿಡಿತ ಸಿಗುವುದಿಲ್ಲ, ಹಲಗೆಯನ್ನೇ ಬದಲಿಸಬೇಕು. ಹಲಗೆ ತೆಗೆದರೆ ಒಳಗಿನ ಪಕ್ಕೆಮರ ಕೆಟ್ಟಿರುವುದು ಕಾಣುತ್ತದೆ. ಹತ್ತು ಸಾವಿರದ ಕೆಲಸವೆಂದು ಶುರುಮಾಡಿದ್ದು ಲಕ್ಷಕ್ಕೆ ನಿಲ್ಲುವುದು ಹೀಗೆ. ಆ ಲಕ್ಷ ಎಷ್ಟೋ ಸಲ ದಕ್ಕೆಯ ಕಮಿಷನ್ ಏಜೆಂಟನಿಂದ ಬಂದಿರುತ್ತದೆ, ತೀರಿಸುವವರೆಗೆ ಮೀನು ಅವನ ಕೈಯಿಂದಲೇ ಹರಾಜಾಗಬೇಕು. ಬೋಟು ನಡೆಸುವ ತಾಂಡೇಲನಿಗೆ, ಜೊತೆಗೆ ದುಡಿಯುವ ಕಲಾಸಿಗಳಿಗೆ ಡೀಸೆಲ್, ಐಸು, ಅಕ್ಕಿಯ ಖರ್ಚು ಕಳೆದು ಪಾಲು. ಆದರೆ ಹಲಗೆ, ಮೊಳೆ, ಪಿಸ್ಟನ್ನಿನ ಖರ್ಚು ಮಾಲೀಕನ ತಲೆಗೆ.

ಹಲಗೆಗಳ ಸಂದಿಗೆ ಹತ್ತಿನೂಲು ಬಡಿದು ಮೇಣ ತುಂಬಿ ಬಣ್ಣ ಬಳಿದ ಮೇಲೂ ಎಂಜಿನ್ನಿನ ಒಂದು ಕೆಲಸ ಬಾಕಿ ಉಳಿಯುತ್ತದೆ. ಅದನ್ನು ದಡದಲ್ಲಿ ಮಾಡಿದರೆ ಪ್ರಯೋಜನವಿಲ್ಲ. ಮರದ ಬೋಟು ಆಸರೆಯ ಮೇಲೆ ಕೂತಾಗ ಒಂದು ಆಕಾರ, ನೀರಲ್ಲಿ ತೇಲಿದಾಗ ಇನ್ನೊಂದು. ಹಾಗಾಗಿ ಗೇರ್‌ಬಾಕ್ಸಿಗೂ ಪ್ರೊಪೆಲ್ಲರಿನ ಶಾಫ್ಟಿಗೂ ಇರುವ ಜೋಡಣೆಯನ್ನು ನೀರಿಗಿಳಿಸಿದ ನಂತರವೇ ಕೂದಲೆಳೆಯ ಅಂತರಕ್ಕೆ ತಂದು ಬೋಲ್ಟು ಬಿಗಿಯಬೇಕು. ಲಾರಿಯಲ್ಲಿ ಈ ತಲೆನೋವಿಲ್ಲ, ಅಲ್ಲಿ ಬಾಗುವ ಜಾಯಿಂಟುಗಳಿವೆ. ಇಲ್ಲಿ ಅಜಾಗರೂಕತೆ ಮಾಡಿದರೆ ಶಾಫ್ಟು ನಡುಗಿ, ಹಿಂಬದಿಯ ಪ್ಯಾಕಿಂಗ್ ಸವೆದು, ನೀರು ಒಳಗೆ. ಕಂಚಿನ ಪ್ರೊಪೆಲ್ಲರಿನ ಪಕ್ಕ ಸತುವಿನ ತುಂಡುಗಳನ್ನು ಕಟ್ಟುವುದೂ ಉಂಟು. ಉಪ್ಪುನೀರು ತಿನ್ನಲೇಬೇಕಾದರೆ ಮೊದಲು ಸತುವನ್ನು ತಿನ್ನಲಿ, ಬೆಲೆಬಾಳುವುದು ಉಳಿಯಲಿ ಎಂದು. ಇಷ್ಟಾದ ಮೇಲೆ ನೂಲ ಹುಣ್ಣಿಮೆಯ ಹೊತ್ತಿಗೆ ಮಲ್ಪೆಯಲ್ಲಿ ಸಮುದ್ರಪೂಜೆ, ಕಡಲಿಗೆ ಹಾಲು, ತೆಂಗಿನಕಾಯಿ.

ಈಗ ಕಾಲ ಬದಲಾಗಿದೆ. ಹೊಸ ಬೋಟುಗಳು ಉಕ್ಕಿನವು, ಅರವತ್ತು ಎಪ್ಪತ್ತು ಅಡಿಯವು. ಒಳಗಿರುವುದು ಮುನ್ನೂರು ಹಾರ್ಸ್‌ಪವರ್ ದಾಟಿದ ‘ಚೀನಾ ಎಂಜಿನ್’. ಬಲೆಗೆ ಸಿಗಡಿಗಿಂತ ರಾಣಿಮೀನು, ಬೊಂಡಾಸು (ಸ್ಕ್ವಿಡ್) ಹೆಚ್ಚು. ಮಲ್ಪೆಯಲ್ಲೇ ಇದ್ದ ಟೆಬ್ಮಾ ಹಡಗುಕಟ್ಟೆಯನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಿಟ್ಟಿತು. 2023ರಲ್ಲಿ ಅದಕ್ಕೆ ತಲಾ 3,800 ಟನ್ನಿನ ಆರು ಸರಕು ಹಡಗುಗಳ ಆರ್ಡರು ಬಂತು. ಕೊಟ್ಟದ್ದು ನಾರ್ವೆಯ ವಿಲ್ಸನ್ ಕಂಪನಿ. ಎಪ್ಪತ್ತು ವರ್ಷದ ಹಿಂದೆ ಬೋಟು ಕಟ್ಟುವುದನ್ನು ಕಲಿಸಲು ಬಂದವರು ಈಗ ಗಿರಾಕಿಗಳು.

ಹಳೆಯ ಮರದ ಬೋಟಿನವನ ಫಜೀತಿ ಮಾತ್ರ ರಸ್ತೆಯಿಂದಲೇ ಬಂದಿದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಜಾರಿಯಾಯಿತು. ಹೊಸ ಲಾರಿಗಳಲ್ಲಿ ಡೀಸೆಲ್ ಹನಿಸುವುದನ್ನು ನಿರ್ಧರಿಸುವುದು ಕಂಪ್ಯೂಟರು, ಅದನ್ನು ಪರೀಕ್ಷಿಸಲು ಸ್ಪ್ಯಾನರ್ ಸಾಲದು, ಲ್ಯಾಪ್‌ಟಾಪ್ ಬೇಕು. ಹಳೆಯ 370, ಹಳೆಯ ಮೈಕೋ ಪಂಪುಗಳು ರಸ್ತೆಯಿಂದ ಇಳಿದಂತೆಲ್ಲ ಅವುಗಳ ಭಾಗಗಳು ಅಂಗಡಿಯಿಂದ ಗುಜರಿಗೆ ಸರಿಯುತ್ತಿವೆ. ಹಾಗೆಂದು ಹಳೆಯ ಬೋಟಿಗೆ ಹೊಸ ದೊಡ್ಡ ಎಂಜಿನ್ ಇಳಿಸಿದರೆ? ನೂರು ಹಾರ್ಸ್‌ಪವರಿಗೆಂದು ಕಟ್ಟಿದ ಎಂಜಿನ್ ತೊಲೆಗಳು ಮೂರು ಪಟ್ಟು ಸೆಳೆತಕ್ಕೆ ಅಲುಗುತ್ತವೆ. ತೊಲೆ ಅಲುಗಿದರೆ ಹಲಗೆಯ ಸಂದಿಗಳು ಬಾಯಿ ಬಿಡುತ್ತವೆ. ಎಂಜಿನ್ ಹೊಸತಾದರೂ ಮುಂದಿನ ಜೂನಿನಲ್ಲಿ ಮಾಲೀಕ ಮತ್ತೆ ಆಚಾರಿಯನ್ನೇ ಹುಡುಕಿಕೊಂಡು ಹೋಗಬೇಕು. ಮರದ ಬೋಟಿನ ಕೆಲಸ ಬಲ್ಲ ಆಚಾರಿ ಸಿಗುವುದು ಈಗೀಗ ಎಂಜಿನ್ ಸಿಗುವುದಕ್ಕಿಂತ ಕಷ್ಟ.