ಗಾಲಿಬ್ ಬರೆದ ಕಾಗದಗಳು ಮತ್ತು ನಮ್ಮ ಮನೆಯ ಪೆಟ್ಟಿಗೆ

ಮಿರ್ಜಾ ಗಾಲಿಬ್ ಅಂದ ಕೂಡಲೇ ನಮಗೆ ನೆನಪಾಗುವುದು ಗಝಲ್. ಆದರೆ ಉರ್ದು ಬಲ್ಲವರನ್ನು ಕೇಳಿ ನೋಡಿ, ಅವರು ಗಝಲ್‌ನಷ್ಟೇ ಪ್ರೀತಿಯಿಂದ ಗಾಲಿಬ್‌ರ ಪತ್ರಗಳ ಬಗ್ಗೆಯೂ ಹೇಳುತ್ತಾರೆ. 1797ರಲ್ಲಿ ಆಗ್ರಾದಲ್ಲಿ ಹುಟ್ಟಿ ದಿಲ್ಲಿಯಲ್ಲಿ ಬಾಳಿದ ಈ ಕವಿ, ಊರೂರಿನ ಶಿಷ್ಯರಿಗೂ ಕವಿ ಮಿತ್ರರಿಗೂ ಕೊನೆಯವರೆಗೆ ಕಾಗದ ಬರೆದರು.

ಆ ಕಾಲದ ವಿದ್ವಾಂಸರು ಪತ್ರ ಬರೆಯುತ್ತಿದ್ದದ್ದು ಪಾರ್ಸಿಯಲ್ಲಿ. ಮೊದಲ ಅರ್ಧ ಪುಟ ಬಿರುದು, ಹೊಗಳಿಕೆಗಳಿಗೇ ಮುಗಿಯುತ್ತಿತ್ತು. ಗಾಲಿಬ್ ಸುಮಾರು 1850ರ ಹೊತ್ತಿಗೆ ಉರ್ದುವಿಗೆ ತಿರುಗಿದರು. ಬಿರುದು ಬಿಟ್ಟರು. ಎದುರಿಗೆ ಕೂತವರನ್ನು ಕರೆದ ಹಾಗೆ ಕರೆದು ಮಾತು ಶುರು ಮಾಡಿದರು. ಮಳೆಗೆ ಸೋರುವ ಮನೆ, ಬಾರದ ಪಿಂಚಣಿ, ಮಾವಿನ ಹಣ್ಣಿನ ಆಸೆ ಎಲ್ಲವೂ ಅದರಲ್ಲಿ ಬಂತು. ಪತ್ರವನ್ನು ಮಾತುಕತೆ ಮಾಡಿದವನು ನಾನು ಎಂದು ಅವರೇ ಹೆಮ್ಮೆಪಟ್ಟಿದ್ದಾರೆ.

ಅಂಚೆಯಲ್ಲಿ ನಡೆದ ಪಾಠ

ಅವರಿಗೆ ಪತ್ರಗಳೇ ಪಾಠಶಾಲೆ ಕೂಡ ಆಗಿದ್ದವು. ಶಿಷ್ಯರು ಗಝಲ್ ಬರೆದು ಅಂಚೆಗೆ ಹಾಕುವುದು, ಉಸ್ತಾದರು ತಿದ್ದಿ, ಯಾಕೆ ತಿದ್ದಿದೆ ಎಂದು ವಿವರಿಸಿ ವಾಪಸ್ ಕಳಿಸುವುದು. ಇದಕ್ಕೆ ಇಸ್ಲಾಹ್ ಎನ್ನುತ್ತಾರೆ. ರಾಂಪುರದ ನವಾಬ್ ಯೂಸುಫ್ ಅಲಿ ಖಾನ್ ಕೂಡ ಹೀಗೆ ಶಿಷ್ಯರಾದವರೇ. 1859ರಿಂದ ರಾಂಪುರದ ಆ ನವಾಬರು ಕಳಿಸುತ್ತಿದ್ದ ತಿಂಗಳ ನೂರು ರೂಪಾಯಿಯಿಂದ ಗಾಲಿಬ್‌ರ ಮನೆ ನಡೆಯಿತು.

ಅವರಿಗೆ ಅತಿ ಹತ್ತಿರದವರು ಸಿಕಂದರಾಬಾದಿನ ಮುನ್ಷಿ ಹರ್‌ಗೋಪಾಲ್ ತಫ್ತಾ. ಹಿಂದೂ ಶಿಷ್ಯ. ಗಾಲಿಬ್ ಅವರನ್ನು ಮಿರ್ಜಾ ತಫ್ತಾ ಎಂದೇ ಪ್ರೀತಿಯಿಂದ ಕರೆಯುತ್ತಿದ್ದರು. ಈ ಸ್ನೇಹ ಎಷ್ಟು ಗಟ್ಟಿ ಎಂಬುದು 1857ರಲ್ಲಿ ಗೊತ್ತಾಯಿತು. ಇಂಗ್ಲಿಷರು ದಿಲ್ಲಿಯನ್ನು ಮರಳಿ ಹಿಡಿದ ಮೇಲೆ ಮುಸ್ಲಿಮರನ್ನು ಊರಿನಿಂದ ಹೊರಹಾಕಿದರು. ಗಾಲಿಬ್ ಬಲ್ಲಿಮಾರಾನ್‌ನಲ್ಲೇ ಉಳಿದರು. ಪಟಿಯಾಲ ಮಹಾರಾಜರ ಕಾವಲು ಆ ಗಲ್ಲಿಗೆ ಇತ್ತು. ಆ ದಿನಗಳಲ್ಲೇ ತಮ್ಮ ಮಿರ್ಜಾ ಯೂಸುಫ್ ತೀರಿಕೊಂಡರು. ಕಫನ್ ಬಟ್ಟೆಗೂ ಅಂಗಡಿ ತೆರೆದಿರಲಿಲ್ಲ, ಮನೆಯಲ್ಲಿದ್ದ ಬಿಳಿ ಬಟ್ಟೆಯಲ್ಲೇ ಮಯ್ಯಿತ್ ದಫನ್ ಆಯಿತು. ಕೈಯಲ್ಲಿ ಕಾಸಿಲ್ಲದ ಆ ಹೊತ್ತಿನಲ್ಲಿ ಮೀರತ್‌ನಿಂದ ಹಣವನ್ನೂ ಕಾಗದವನ್ನೂ ಕಳಿಸಿದವರು ಇದೇ ತಫ್ತಾ.

ಆ ಕಷ್ಟದ ದಿನಗಳ ಬಗ್ಗೆ ಬರೆದ 'ದಸ್ತಂಬೂ' 1858ರಲ್ಲಿ ಅಚ್ಚಾದದ್ದೂ ಪತ್ರಗಳ ಮೂಲಕವೇ. ಆಗ್ರಾದ ಶಿವನಾರಾಯಣ್ ಆರಾಮ್ ಅವರ ಪ್ರೆಸ್, ಅಲ್ಲಿ ನೋಡಿಕೊಳ್ಳಲು ತಫ್ತಾ. ಅಚ್ಚ ಪಾರ್ಸಿಯ ಪುಸ್ತಕದಲ್ಲಿ ಒಂದು ಅರಬಿ ಪದ ನುಸುಳಿದೆ, ತೆಗೆಯಿರಿ ಎಂದು ಗಾಲಿಬ್ ದಿಲ್ಲಿಯಿಂದ ಗಾಬರಿಯಲ್ಲಿ ಬರೆದರು. ಹಳೆ ಗೆಳೆಯರಲ್ಲಿ ಎಷ್ಟೋ ಜನ ಸತ್ತು, ಚದುರಿ ಹೋಗಿದ್ದರು. ಒಂಟಿತನದಲ್ಲಿ ಯಾರ ಕಾಗದ ಬಂದರೂ ಆ ಮನುಷ್ಯನೇ ಬಂದ ಹಾಗೆ ಎಂದು ತಫ್ತಾರಿಗೆ ಅವರು ಹೇಳಿಕೊಂಡಿದ್ದರು.

ಕೊನೆಯ ದಿನದ ಉತ್ತರ

ಈ ಪತ್ರಗಳನ್ನು ಪುಸ್ತಕ ಮಾಡುವುದು ಗಾಲಿಬ್‌ಗೆ ಮೊದಲು ಇಷ್ಟವಿರಲಿಲ್ಲ. ಅವಸರದಲ್ಲಿ ಬರೆದದ್ದು, ಹೆಸರು ಕೆಟ್ಟೀತು ಎಂಬ ಅಳುಕು. ಆದರೆ ಗೆಳೆಯರು ಒಂದೊಂದನ್ನೂ ಜೋಪಾನ ಮಾಡಿದ್ದರು. 1868ರಲ್ಲಿ 'ಊದ್-ಎ-ಹಿಂದಿ', 1869ರಲ್ಲಿ 'ಉರ್ದು-ಎ-ಮುಅಲ್ಲಾ' ಬಂದವು. ಎರಡನೆಯದನ್ನು ನೋಡಲು ಅವರು ಇರಲಿಲ್ಲ. 1869ರ ಫೆಬ್ರವರಿ 15ರಂದು ತೀರಿಕೊಂಡರು. ಅದರ ಹಿಂದಿನ ದಿನವೂ, ಮಲಗಿದಲ್ಲಿಂದಲೇ ನವಾಬ್ ಅಲಾಯಿಯವರ ಕಾಗದಕ್ಕೆ ಉತ್ತರ ಹೇಳಿ ಬರೆಸುತ್ತಿದ್ದರು ಎಂದು ಶಿಷ್ಯ ಹಾಲಿ ದಾಖಲಿಸಿದ್ದಾರೆ.

ಗಾಲಿಬ್‌ರ ಬದುಕಿನ ಎಲ್ಲವೂ ಅನುಸರಿಸುವಂಥದ್ದಲ್ಲ. ಮದ್ಯಪಾನದ ವಿಷಯವನ್ನು ಅವರೇ ಮುಚ್ಚಿಟ್ಟಿರಲಿಲ್ಲ. ಆದರೆ ಉತ್ತರ ಕೊಡುವ ಅವರ ನಿಷ್ಠೆ ನೋಡಿ. ಸಲಾಂ ಹೇಳಿದವರಿಗೆ ಅದಕ್ಕಿಂತ ಚೆನ್ನಾಗಿ, ಇಲ್ಲವೇ ಅಷ್ಟೇ ಚೆನ್ನಾಗಿ ಮರಳಿಸಬೇಕು ಎಂದು ಸೂರಾ ಅನ್ನಿಸಾದಲ್ಲಿ ಆಜ್ಞೆ ಇದೆ. ಕಾಗದದಲ್ಲಿ ಬಂದ ಸಲಾಮಿಗೂ ಜವಾಬು ಕೊಡಬೇಕೆಂದು ಉಲಮಾಗಳು ಕಲಿಸಿದ್ದಾರೆ. ವಾಟ್ಸಾಪಿನಲ್ಲಿ ನೋಡಿ ಸುಮ್ಮನಾಗುವ ನಮಗೆ ಇದು ತಾಗಬೇಕಾದ ಮಾತು, ಅಲ್ವಾ?

ಗಲ್ಫ್‌ನ ಕಾಗದಗಳು ನಮ್ಮ ಮನೆಗಳಿಗೂ ಬಂದಿವೆ. ಬ್ಯಾರಿಯಲ್ಲಿ ಮಾತಾಡುವವರು ಕನ್ನಡದಲ್ಲಿ ಬರೆದರು. ಓದಲು ಬಾರದ ಉಮ್ಮಂದಿರು ಶಾಲೆಗೆ ಹೋಗುವ ಮಕ್ಕಳಿಂದಲೋ ಮದ್ರಸದ ಉಸ್ತಾದರಿಂದಲೋ ಓದಿಸಿಕೊಂಡರು, ಅವರಿಂದಲೇ ಜವಾಬು ಬರೆಸಿದರು. ಅವನ್ನು ಕಸವೆಂದು ಸುಡಬೇಡಿ. ಮನೆ ಕೆಡವುವಾಗ, ಪೆಟ್ಟಿಗೆ ಖಾಲಿ ಮಾಡುವಾಗ ಸ್ವಲ್ಪ ನಿಂತು ನೋಡಿ. ತಾರೀಕಿನ ಪ್ರಕಾರ ಜೋಡಿಸಿ, ಗೆದ್ದಲು ಹಿಡಿಯದ ಕಡೆ ಇಡಿ. ಹಿರಿಯರು ಇರುವಾಗಲೇ ಯಾರು, ಯಾವ ಊರಿಂದ, ಯಾರಿಗೆ ಬರೆದದ್ದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮನೆಯ ಗುಟ್ಟಿರುವ ಪತ್ರವನ್ನು ಮಾತ್ರ ಫೋನಿನಲ್ಲಿ ಹಂಚಬೇಡಿ, ಅದು ಅಮಾನತ್.