ತಪ್ಪು ತಿದ್ದಿದ ಮೇಲೂ ತಪ್ಪು ಉಳಿಯೋದು ಹೇಗೆ?

2024ರ ನವೆಂಬರ್‌ನಲ್ಲಿ ನಾಲತವಾಡಕ್ಕೆ ಹೋದಾಗ ಅಪ್ಪ ಕೇಳಿದ ಮೊದಲ ಮಾತು, ‘ನಿನ್ನ ಮೊಬೈಲ್‌ನ್ಯಾಗ ನಮ್ಮ ಹೊಲದ ಪಹಣಿ ಬರ್ತದೇನು ನೋಡು’. ಕಾಲಂ 11ರಲ್ಲಿ ‘ವಕ್ಫ್’ ಅಂತ ಸೇರಿದೆಯಾ ಅನ್ನೋ ಭಯ. ಸೇರಿರಲಿಲ್ಲ. ಆದರೆ ಜಿಲ್ಲೆಯ ತುಂಬ ಅದೇ ಮಾತು.

ಗಲಾಟೆಯ ಕೇಂದ್ರ ತಿಕೋಟಾ ತಾಲೂಕಿನ ಹೊನವಾಡ. ಅಲ್ಲಿನ 1,200 ಎಕರೆ ವಕ್ಫ್ ಪಾಲಾಗುತ್ತೆ ಅಂತ ಸುದ್ದಿ. ಸಚಿವ ಎಂ.ಬಿ. ಪಾಟೀಲ ಕೊಟ್ಟ ವಿವರಣೆ ಇದು: 1974ರ ಗೆಜೆಟ್‌ನಲ್ಲಿ ಮಹಲ್‌ಬಾಗಾಯತ್ ಹೆಸರಿನ ಪಕ್ಕ, ಬ್ರಾಕೆಟ್ ಒಳಗೆ ‘ಹೊನವಾಡ’ ಅಂತ ತಪ್ಪಾಗಿ ಸೇರಿತ್ತು, 1977ರಲ್ಲೇ ಅದನ್ನು ತಿದ್ದಲಾಗಿದೆ, ಹೊನವಾಡದಲ್ಲಿ ವಕ್ಫ್ ಜಾಗ ಇರೋದು 11 ಎಕರೆ ಮಾತ್ರ.

ಅಂದರೆ 47 ವರ್ಷ ಹಿಂದೆ ತಿದ್ದಿದ ತಪ್ಪು ಮತ್ತೆ ಎದ್ದು ಬಂತು. ನಾನು ಓದಿದ ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೇ ಮೀಸಲಾದ ಒಂದು ವಿಭಾಗವಿದೆ: ಬಿಲೀಫ್ ರಿವಿಷನ್, ನಂಬಿಕೆಯ ಪರಿಷ್ಕರಣೆ.

ಪ್ರೋಲಾಗ್ ಎಂಬ ತರ್ಕದ ಭಾಷೆಯಲ್ಲಿ ‘ಗೆಜೆಟ್‌ನಲ್ಲಿದ್ದರೆ ವಕ್ಫ್’ ಅಂತ ನಿಯಮ ಬರೆದು, ‘ಹೊನವಾಡ ಗೆಜೆಟ್‌ನಲ್ಲಿದೆ’ ಅಂತ ಸಂಗತಿ ಕೊಡಿ. ‘ಹೊನವಾಡ ವಕ್ಫ್’ ಅಂತ ಉತ್ತರ ಬರುತ್ತೆ. ಸಂಗತಿಯನ್ನು ಅಳಿಸಿ, ಮತ್ತೆ ಕೇಳಿ. ಉತ್ತರ ತಾನಾಗಿ ಬದಲಾಗುತ್ತೆ. ಆದರೆ ಬಂದ ಉತ್ತರವನ್ನೇ ಹೊಸ ಸಂಗತಿ ಅಂತ ಸೇವ್ ಮಾಡಿಟ್ಟಿದ್ದರೆ? ಮೂಲ ಅಳಿಸಿದರೂ ಅದು ಅಲ್ಲೇ ಕೂತಿರುತ್ತೆ. ನಮ್ಮ ಕಂದಾಯ ದಾಖಲೆಗಳ ರೋಗ ಇದೇ ಅನ್ನೋದು ನನ್ನ ಅನಿಸಿಕೆ: ಅವು ತೀರ್ಮಾನ ಇಟ್ಟುಕೊಳ್ಳುತ್ತವೆ, ಕಾರಣದ ಕೊಂಡಿ ಇಟ್ಟುಕೊಳ್ಳಲ್ಲ. ಪ್ರತಿ ನಂಬಿಕೆಯ ಜೊತೆ ಅದರ ಕಾರಣವನ್ನೂ ಕಟ್ಟಿಡುವ ವ್ಯವಸ್ಥೆಯನ್ನು ಜಾನ್ ಡಾಯ್ಲ್ 1979ರಲ್ಲೇ ವಿವರಿಸಿದ್ದರು.

ಇನ್ನೊಂದು ವ್ಯತ್ಯಾಸ ಇದೆ. ಹೊಲ ಮಾರಿದರೆ ಲೋಕವೇ ಬದಲಾಗುತ್ತೆ. ದಾಖಲೆ ಅದನ್ನು ಹಿಂಬಾಲಿಸಬೇಕು. ಮ್ಯುಟೇಷನ್ ಇರೋದು ಇದಕ್ಕೆ. ಬ್ರಾಕೆಟ್ ತಪ್ಪಾಗಿದ್ದರೆ ಲೋಕ ಬದಲಾಗಿಲ್ಲ, ನಮ್ಮ ತಿಳಿವಳಿಕೆ ಮೊದಲಿಂದಲೂ ತಪ್ಪು. ಕತ್ಸುನೋ ಮತ್ತು ಮೆಂಡೆಲ್ಸನ್ 1991ರಲ್ಲಿ ಇವೆರಡಕ್ಕೆ ಬೇರೆ ಬೇರೆ ನಿಯಮ ಬೇಕು ಅಂದರು.

1985ರಲ್ಲಿ ಆಲ್ಚುರಾನ್, ಗಾರ್ಡೆನ್‌ಫೋರ್ಸ್, ಮ್ಯಾಕಿನ್ಸನ್ ಎಂಬ ಮೂವರು ರೂಪಿಸಿದ ಸಿದ್ಧಾಂತದ ತಿರುಳು: ತಪ್ಪು ಗೊತ್ತಾದಾಗ ಬೇಕಾದಷ್ಟನ್ನೇ ಬಿಡಿ, ಉಳಿದದ್ದನ್ನು ಕಾಪಾಡಿ. ಆಗ ಟಿವಿ ಚರ್ಚೆಗಳಲ್ಲಿ ನಡೆದದ್ದು ಉಲ್ಟಾ. 1,200 ಎಕರೆ ತಪ್ಪು ಅಂತಾದ ಕೂಡಲೇ ಕೆಲವರು ವಕ್ಫ್ ದಾಖಲೆಯೆಲ್ಲಾ ಸುಳ್ಳು ಅಂದುಬಿಟ್ಟರು. ಹಂಗಾದ್ರ ಆ 11 ಎಕರೆ ಎಲ್ಲಿ ಹೋಯ್ತು? ಇತ್ತ ಇಂಡಿ ತಾಲೂಕಿನ ಕೆಲವು ಪಹಣಿಗಳಲ್ಲಿ ನೋಟಿಸ್ ಕೊಡದೆಯೇ ವಕ್ಫ್ ಹೆಸರು ಸೇರಿತ್ತು. ಅದನ್ನು ‘ಸಣ್ಣ ತಪ್ಪು’ ಅಂತ ತಳ್ಳಿಹಾಕಿದವರೂ ಅಷ್ಟೇ ಅಪ್ರಾಮಾಣಿಕರು.

ಎರಡು ದಾಖಲೆ ಜಗಳಕ್ಕೆ ನಿಂತಾಗ ಯಾವುದನ್ನು ಬಿಡಬೇಕು ಅಂತ ತರ್ಕ ಹೇಳಲ್ಲ. ಯಾವುದು ಹೆಚ್ಚು ಗಟ್ಟಿ ಅನ್ನೋ ಶ್ರೇಣಿಯನ್ನು ಹೊರಗಿನಿಂದ ಕೊಡಬೇಕು. ಗೆಜೆಟ್ ಮೇಲೋ, ಉಳುವವನ ಅನುಭೋಗ ಮೇಲೋ? ಇದು ಅಪ್ಪಟ ರಾಜಕೀಯ ಪ್ರಶ್ನೆ. ನೋಟಿಸ್ ವಾಪಸ್ ಪಡೆಯಿರಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಆದೇಶಿಸಿದರು. ಶ್ರೇಣಿಯ ಪ್ರಶ್ನೆ ಹಂಗೇ ಉಳೀತು.

ಪಹಣಿ ಸರಿಯಿದೆ ಅಂದರೂ ಅಪ್ಪ ಅವತ್ತು ಟ್ರಂಕಿನಿಂದ ಹಳೇ ಕಂದಾಯ ರಸೀದಿಗಳನ್ನೆಲ್ಲ ತೆಗೆದು, ವರ್ಷವಾರು ಜೋಡಿಸಿ, ಪ್ಲಾಸ್ಟಿಕ್ ಚೀಲದಾಗ ಕಟ್ಟಿಟ್ಟ.