ಮುರಿದ ಸ್ಟೂಕಾದ ಗುರುತು

ಜರ್ಮನಿಯ ಯುಂಕರ್ಸ್ ಜೆಯು 87 ವಿಮಾನವನ್ನು ಲೋಕ ನೆನಪಿಟ್ಟುಕೊಂಡಿರುವುದು ಸ್ಟೂಕಾ ಎಂಬ ಹೆಸರಿನಿಂದ. ಹದ್ದು ಕೋಳಿಮರಿಗೆ ಎರಗುವಂತೆ ಆಕಾಶದಿಂದ ಕಡಿದಾಗಿ ಇಳಿದು, ನೆಲ ಸಮೀಪಿಸಿದಾಗ ಬಾಂಬ್ ಬಿಟ್ಟು ಮತ್ತೆ ಮೇಲೇಳುವ ಡೈವ್ ಬಾಂಬರ್ ಇದು. ಹರ್ಮನ್ ಪೋಲ್ಮನ್ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1935ರಲ್ಲಿ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಸುಮಾರು 6,000 ಸ್ಟೂಕಾಗಳು ತಯಾರಾಗಿದ್ದವು. ಇಂದು ಇಡಿಯಾಗಿ ಉಳಿದಿರುವುದು ಎರಡೇ: ಒಂದು ಶಿಕಾಗೋದ ವಿಜ್ಞಾನ ಮತ್ತು ಉದ್ಯಮ ಮ್ಯೂಸಿಯಂನಲ್ಲಿ, ಇನ್ನೊಂದು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿ. ಉಳಿದವುಗಳ ಪೈಕಿ ಬಹುಪಾಲಿನ ಗುರುತು ಈಗ ಇರುವುದು ಫೋಟೊಗಳಲ್ಲಿ. ಅವುಗಳಲ್ಲಿ ಎಷ್ಟೋ ಫೋಟೊಗಳು ಬಿದ್ದ ವಿಮಾನದ ಪಕ್ಕ ನಿಂತ ಸೈನಿಕರು ಊರಿಗೆ ಕಳಿಸಲೆಂದು ತೆಗೆಸಿಕೊಂಡವು.

ಇಂಥ ಫೋಟೊ ಚಾಮರಾಜನಗರ ಜಿಲ್ಲೆಯ ಹಳೆಯ ಪೆಟ್ಟಿಗೆಯೊಂದರಲ್ಲಿ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ಕೊಳ್ಳೇಗಾಲ ತಾಲ್ಲೂಕು, ಅದರೊಳಗೇ ಇದ್ದ ಹನೂರಿನ ಸಮೇತ, 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮಾತ್ರ, ದಿವಾನ್ ಪೂರ್ಣಯ್ಯನವರ ಜಹಗೀರಾಗಿ, ಮೈಸೂರು ಸಂಸ್ಥಾನದಲ್ಲಿತ್ತು. ಮದ್ರಾಸ್ ಪ್ರಾಂತ್ಯದಿಂದ ಸೈನ್ಯಕ್ಕೆ ಸೇರಿದವರಿಗೆ ಇದ್ದ ಒಂದು ದೊಡ್ಡ ದಾರಿ ಮದ್ರಾಸ್ ಸ್ಯಾಪರ್ಸ್ ಪಡೆ; ಅದರ ಕೇಂದ್ರ ಬೆಂಗಳೂರಿನಲ್ಲೇ. ಉತ್ತರ ಆಫ್ರಿಕದಲ್ಲಿ ಕಾದಿದ 4ನೇ ಭಾರತೀಯ ಡಿವಿಜನ್ನಿನಲ್ಲಿ ಈ ಪಡೆಯ 12ನೇ ಫೀಲ್ಡ್ ಕಂಪನಿ ಇತ್ತು. ಆ ಮರುಭೂಮಿಯ ಮೇಲೆ 1941ರಿಂದ ಸ್ಟೂಕಾಗಳು ಹಾರಿದವು, ಬಿದ್ದವೂ ಕೂಡ.

ಆದ್ದರಿಂದ ಮೊದಲ ಪ್ರಶ್ನೆ ವಿಮಾನದ್ದಲ್ಲ, ಜಾಗದ್ದು. ಸ್ಟೂಕಾ ಹೆಚ್ಚು ದೂರ ಹೋಗುವ ವಿಮಾನವಲ್ಲ. ಬಾಂಬ್ ಹೊತ್ತರೆ ಕೆಲವು ನೂರು ಕಿಲೋಮೀಟರಿನಷ್ಟೇ ಅದರ ಹಾದಿ. ಭಾರತದ ಮೇಲಾಗಲಿ ಬರ್ಮಾದ ಮೇಲಾಗಲಿ ಅದು ಬರಲೇ ಇಲ್ಲ. ಅರಕಾನಿನಲ್ಲಿಯೋ ಇಂಫಾಲದಲ್ಲಿಯೋ ತೆಗೆದ ಚಿತ್ರದ ಹಿಂದೆ ‘ಜರ್ಮನ್ ವಿಮಾನ’ ಎಂದು ಬರೆದಿದ್ದರೆ ಆ ಬರಹವನ್ನು ಅಲ್ಲಿಗೇ ಬದಿಗಿಡಬಹುದು. ಮರಳು, ಖರ್ಜೂರದ ಮರ, ಕಲ್ಲುಬಯಲು, ಸೈನಿಕರ ಗಿಡ್ಡ ನಿಕ್ಕರು ಕಂಡರೆ ಮಾತ್ರ ಮುಂದುವರಿಯಬೇಕು.

ಮುಂದಿನದು ರೆಕ್ಕೆ. ಸ್ಟೂಕಾದ ರೆಕ್ಕೆ ಮೈಯಿಂದ ಹೊರಟು ಮೊದಲು ಕೆಳಕ್ಕೆ ಬಾಗುತ್ತದೆ, ಆಮೇಲೆ ಮೇಲೇರುತ್ತದೆ. ಎದುರಿನಿಂದ ನೋಡಿದರೆ ಇಂಗ್ಲಿಷಿನ ಡಬ್ಲ್ಯು ಅಕ್ಷರ. ಆ ಬಾಗಿನ ಅತಿ ತಗ್ಗಿನಲ್ಲೇ ಚಕ್ರದ ಕಾಲು. ಮಡಚಿಕೊಳ್ಳದ, ಸದಾ ಇಳಿಬಿದ್ದ ಕಾಲು ಅದು. ರೆಕ್ಕೆಯ ನಡುಭಾಗ ವಿಮಾನದ ಮೈಯೊಡನೆ ಒಂದಾಗಿರುತ್ತದೆ; ಹೊರಭಾಗವನ್ನು ಗೋಲಾಕಾರದ ಕೀಲುಗಳಿಂದ ಅದಕ್ಕೆ ಸೇರಿಸಿರುತ್ತಾರೆ. ಬಿದ್ದಾಗ ಹೊರರೆಕ್ಕೆ ಈ ಕೀಲಿನಲ್ಲೇ ಕಳಚಿದರೂ ಕೆಳಕ್ಕೆ ಬಾಗಿದ ಗಿಡ್ಡ ತುಂಡು ಮೈಗೆ ಅಂಟಿಕೊಂಡಿರುತ್ತದೆ. ಅಷ್ಟು ಕಂಡರೂ ಸಾಕು. ಹೊರರೆಕ್ಕೆ ಬೇರೆಯಾಗಿ ಬಿದ್ದಿದ್ದರೆ ಅದರ ಹಿಂದಿನ ಅಂಚನ್ನು ನೋಡಬೇಕು. ಯುಂಕರ್ಸ್ ವಿಮಾನಗಳಲ್ಲಿ ಹಿಂಬದಿಯ ಫ್ಲ್ಯಾಪುಗಳು ರೆಕ್ಕೆಯೊಳಗೆ ಕೂರುವುದಿಲ್ಲ, ಸಂದು ಬಿಟ್ಟು ಕೆಳಗೆ ಪ್ರತ್ಯೇಕ ಪಟ್ಟಿಯಂತೆ ತೂಗುತ್ತವೆ. ಬಾಲದ ಮೂಲೆಗಳು ಚೌಕ. ಅಡ್ಡರೆಕ್ಕೆಗೆ ಕೆಳಗಿನಿಂದ ಆನಿಕೆ ಕಡ್ಡಿಗಳಿರುತ್ತವೆ.

ಸ್ಟೂಕಾ ಎಂದು ಖಚಿತವಾದ ಮೇಲೆ ಯಾವ ಮಾದರಿ ಎಂಬ ಪ್ರಶ್ನೆ ಬರುತ್ತದೆ. 1937ರ ಎ ಮಾದರಿಯ ಕಾಲುಗಳಿಗೆ ಮೇಲಿಂದ ಕೆಳತನಕ ದಪ್ಪ ಲೋಹದ ಷರಾಯಿ ತೊಡಿಸಿದಂತಿದೆ. ಯುದ್ಧ ಶುರುವಾದಾಗ ಬಳಕೆಯಲ್ಲಿದ್ದ ಬಿ ಮಾದರಿಯಲ್ಲಿ ಅದು ಚಕ್ರದ ಮೇಲಿನ ಕವಚವಷ್ಟೇ ಆಯಿತು. ಬಿ ಮಾದರಿಯನ್ನು ತೋರಿಸಿಕೊಡುವುದು ಮೂತಿ: ಎಂಜಿನ್ನಿನ ಕೆಳಗೆ ಜೋತುಬಿದ್ದ ದೊಡ್ಡ ರೇಡಿಯೇಟರ್, ಮೇಲೆ ಎಣ್ಣೆ ತಣಿಸಲು ಗಾಳಿ ಎಳೆಯುವ ಬಾಯಿ. 1941ರ ಡಿ ಮಾದರಿಯಲ್ಲಿ ಮೂತಿ ನುಣುಪಾಯಿತು, ರೇಡಿಯೇಟರುಗಳು ಒಳರೆಕ್ಕೆಯ ಅಡಿಗೆ ಹೋದವು, ಗಾಜಿನ ಮಾಡು ಹಿಂದಕ್ಕೆ ಇಳಿಜಾರಾಯಿತು, ಹಿಂದಿನ ಗನ್ನರನಿಗೆ ಒಂದು ನಳಿಕೆಯ ಬದಲು ಜೋಡಿ ನಳಿಕೆ ಬಂತು. ಡಿ-5ರಲ್ಲಿ ರೆಕ್ಕೆಯ ಹರವು 13.8 ಮೀಟರಿನಿಂದ 15 ಮೀಟರಿಗೆ ಬೆಳೆದು ತುದಿ ಚೂಪಾಯಿತು. ಟ್ಯಾಂಕುಗಳನ್ನು ಹೊಡೆಯಲೆಂದೇ ಬಂದ ಜಿ ಮಾದರಿಯ ರೆಕ್ಕೆಗಳ ಕೆಳಗೆ 37 ಮಿ.ಮೀ. ತೋಪು ಒಂದೊಂದು. ಆರ್ ಮಾದರಿ ನೋಟಕ್ಕೆ ಬಿ ಮಾದರಿಯದೇ ತದ್ರೂಪ. ರೆಕ್ಕೆಯಡಿಯ ಹೆಚ್ಚುವರಿ ಇಂಧನದ ಟ್ಯಾಂಕುಗಳು ಬಿದ್ದುಹೋಗಿದ್ದರೆ ಫೋಟೊ ನೋಡಿ ಎರಡನ್ನೂ ಬೇರ್ಪಡಿಸುವುದು ಕಷ್ಟ. ಅಂಥಲ್ಲಿ ಹಠ ಹಿಡಿದು ಹೆಸರಿಡುವುದಕ್ಕಿಂತ ‘ಬಿ ಅಥವಾ ಆರ್’ ಎಂದು ಬರೆಯುವುದೇ ಪ್ರಾಮಾಣಿಕ.

ಚಕ್ರದ ಕವಚ ನೋಡಿ ಮೋಸಹೋಗುವವರೂ ಉಂಟು. ಕೆಸರು ಮೆತ್ತಿಕೊಳ್ಳುವುದೆಂದು ಮೆಕ್ಯಾನಿಕ್ಕುಗಳೇ ಎಷ್ಟೋ ಕಡೆ ಅದನ್ನು ಬಿಚ್ಚಿ ಎಸೆಯುತ್ತಿದ್ದರು. ಹೀಗಾಗಿ ಬರಿಯ ಚಕ್ರ ಏನನ್ನೂ ಸಾಬೀತು ಮಾಡದು. ಕಾಲಿನ ಮುಂಭಾಗದ ಸೈರನ್ನಿನ ಕಥೆಯೂ ಇದೇ. ಗಾಳಿಯ ರಭಸಕ್ಕೆ ತಿರುಗಿ ಊಳಿಡುತ್ತಿದ್ದ ಈ ಪುಟ್ಟ ಫ್ಯಾನು ಸಿನಿಮಾಗಳಿಂದಾಗಿ ಸ್ಟೂಕಾದ ಲಾಂಛನವೇ ಆಗಿಬಿಟ್ಟಿದೆ, ಆದರೆ ಎಲ್ಲ ವಿಮಾನಗಳಲ್ಲೂ ಅದಿರಲಿಲ್ಲ.

ಇನ್ನು ಮೈಮೇಲಿನ ಬರಹ. ಜರ್ಮನ್ ಬಾಂಬರುಗಳ ಪಕ್ಕೆಯಲ್ಲಿ ಶಿಲುಬೆಯ ಎಡಕ್ಕೆ ಎರಡು, ಬಲಕ್ಕೆ ಎರಡು ಗುರುತುಗಳಿರುತ್ತವೆ. ಶಿಕಾಗೋದ ವಿಮಾನದ ಮೇಲಿರುವುದು ‘ಎ5+ಎಚ್‌ಎಲ್’. ಎ5 ಎಂದರೆ 1ನೇ ಸ್ಟೂಕಾ ರೆಜಿಮೆಂಟ್. ಎಚ್ ಆ ವಿಮಾನದ ಸ್ವಂತ ಅಕ್ಷರ. ಕೊನೆಯ ಎಲ್ ಅದು 3ನೇ ತುಕಡಿಯದೆಂದು ಹೇಳುತ್ತದೆ. ಲಿಬಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕ ವಿಮಾನ ಇದು. ಇದೇ ರೀತಿ ಟಿ6 ಎಂಬುದು 2ನೇ ರೆಜಿಮೆಂಟನ್ನು, ಎಸ್7 ಎಂಬುದು 3ನೆಯದನ್ನು ಸೂಚಿಸುತ್ತದೆ. ಮೈ ಸುತ್ತ ಬಿಳಿ ಪಟ್ಟಿ ಇದ್ದರೆ ಮೆಡಿಟರೇನಿಯನ್ ಮತ್ತು ಆಫ್ರಿಕ, ಹಳದಿ ಪಟ್ಟಿ ಇದ್ದರೆ ರಷ್ಯಾದ ರಂಗ. ಬಾಲದ ಮೇಲೆ ಸ್ವಸ್ತಿಕದ ಬದಲು ಬಿಳಿ ಶಿಲುಬೆ ಕಂಡರೆ ಅದು ಇಟಲಿಗೆ ಮಾರಿದ ಸ್ಟೂಕಾ.

ಕಪ್ಪು-ಬಿಳುಪು ಫೋಟೊದಲ್ಲಿ ಬಣ್ಣ ಹೇಳುವಾಗ ಎಚ್ಚರ ಬೇಕು. ಹವ್ಯಾಸಿಗಳು ಬಳಸುತ್ತಿದ್ದ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್ ಕೆಂಪನ್ನು ಕಾಣುವುದೇ ಇಲ್ಲ: ಕೆಂಪು ಕಪ್ಪಾಗಿ ಬರುತ್ತದೆ, ಹಳದಿ ಮಂಕಾಗುತ್ತದೆ, ನೀಲಿ ಬಿಳಿಚಿಕೊಳ್ಳುತ್ತದೆ. ಒಂದೇ ಹಳದಿ ಪಟ್ಟಿ ಒಂದು ಚಿತ್ರದಲ್ಲಿ ಬಿಳಿಯೆಂದೂ ಇನ್ನೊಂದರಲ್ಲಿ ಬೂದಿಯೆಂದೂ ತೋರಬಹುದು. ಪಕ್ಕದಲ್ಲಿರುವ ಶಿಲುಬೆಯ ಅಂಚು ಹೇಗೂ ಬಿಳಿ; ಅದರೊಡನೆ ಹೋಲಿಸಿ ನೋಡುವುದು ಕ್ಷೇಮ.

ವಿಮಾನ ಬಿದ್ದ ಬಗೆಯನ್ನೂ ಚಿತ್ರ ಹೇಳುತ್ತದೆ. ಲೋಹದ ಪ್ರೊಪೆಲ್ಲರಿನ ಮೂರೂ ಅಲಗುಗಳು ಬಾಗಿದ್ದರೆ ನೆಲ ತಾಕಿದಾಗ ಎಂಜಿನ್ ತಿರುಗುತ್ತಿತ್ತು. ಒಂದಾದರೂ ನೆಟ್ಟಗಿದ್ದರೆ ಅದು ಆಗಲೇ ನಿಂತಿತ್ತು ಎನ್ನಬಹುದು. ಅಲಗುಗಳು ಬುಡದಲ್ಲೇ ಸೀಳಿಹೋಗಿದ್ದರೆ ಅವು ಮರದವು. ಮೆತ್ತನೆ ಮರಳಿನಲ್ಲಿ ಇಳಿದ ಸ್ಟೂಕಾದ ಚಕ್ರ ಹೂತು ಮೂತಿ ನೆಲಕ್ಕೆ ಊರುತ್ತಿತ್ತು, ಕೆಲವೊಮ್ಮೆ ವಿಮಾನ ಅಂಗಾತ ಮಗುಚುತ್ತಿತ್ತು. ಬಾಲದಲ್ಲಿ ಚೌಕಾಕಾರದ ತೂತು ಕಂಡರೆ ಅದನ್ನು ಗುಂಡಿನ ಗಾಯವೆಂದು ತಿಳಿಯಬಾರದು. ನೆನಪಿಗೆಂದು ಸ್ವಸ್ತಿಕವನ್ನು ತಗಡಿನ ಸಮೇತ ಕತ್ತರಿಸಿಕೊಂಡು ಹೋದ ಸೈನಿಕರ ಕೆಲಸ ಅದು.

ಸ್ಟೂಕಾ ಎಂದು ತಪ್ಪಾಗಿ ಕರೆಸಿಕೊಳ್ಳುವ ವಿಮಾನಗಳಲ್ಲಿ ಮುಖ್ಯವಾದದ್ದು ಭಾರತದ್ದೇ. 1942ರ ಡಿಸೆಂಬರಿನಲ್ಲಿ ಹುಟ್ಟಿದ ಭಾರತೀಯ ವಾಯುಪಡೆಯ 7 ಮತ್ತು 8ನೇ ಸ್ಕ್ವಾಡ್ರನ್‌ಗಳು ಅಮೆರಿಕದ ವಲ್ಟಿ ವೆಂಜನ್ಸ್ ಎಂಬ ಡೈವ್ ಬಾಂಬರಿನಲ್ಲಿ ಬರ್ಮಾ ರಂಗದಲ್ಲಿ ಹೋರಾಡಿದವು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದ ಮೊದಲ ಆರ್ಡರುಗಳಲ್ಲಿ ವಲ್ಟಿ ಬಾಂಬರುಗಳೂ ಇದ್ದವು. 1943ರಲ್ಲಿ ಆ ಕಾರ್ಖಾನೆ ಅಮೆರಿಕನ್ನರ ವಿಮಾನ ರಿಪೇರಿಯ ಡಿಪೊ ಆಯಿತು. ವೆಂಜನ್ಸಿನ ರೆಕ್ಕೆಯೂ ಸೊಟ್ಟ, ಆದರೆ ಅದರ ಸೊಟ್ಟು ಕಾಣುವುದು ಮೇಲಿನಿಂದ ನೋಡಿದಾಗ: ಮುಂದಂಚು ಹಿಂದಕ್ಕೆ ಸರಿದು ಮತ್ತೆ ತಿರುಗುತ್ತದೆ. ಅದರ ಮೂತಿ ದುಂಡು, ಚಕ್ರಗಳು ಮಡಚಿಕೊಳ್ಳುತ್ತವೆ. ಜಪಾನಿನ ಐಚಿ ಡೈವ್ ಬಾಂಬರ್, 1942ರ ಏಪ್ರಿಲ್‌ನಲ್ಲಿ ಲಂಕೆಯ ಸಮುದ್ರದಲ್ಲಿ ಬ್ರಿಟಿಷ್ ಹಡಗುಗಳನ್ನು ಮುಳುಗಿಸಿದ್ದು, ಸ್ಟೂಕಾದಂತೆ ಕವಚವಿರುವ ಸ್ಥಿರ ಚಕ್ರದ್ದೇ; ಆದರೂ ದುಂಡು ಮೂತಿ, ಬಾಗಿಲ್ಲದ ರೆಕ್ಕೆ ಅದರ ಗುಟ್ಟು ಬಿಟ್ಟುಕೊಡುತ್ತವೆ. ಭಾರತದ 1ನೇ ಸ್ಕ್ವಾಡ್ರನ್ ಹಾರಿಸಿದ ಲೈಸಾಂಡರ್‌ಗೂ ಕವಚದ ಚಕ್ರವಿದೆ, ಆದರೆ ಅದರ ರೆಕ್ಕೆ ಇರುವುದು ಪೈಲಟ್‌ನ ತಲೆಯ ಮೇಲೆ.

ಇಷ್ಟೆಲ್ಲ ನೋಡಿದ ಮೇಲೆ ಫೋಟೊದ ಹಿಂಬದಿ ಓದಬೇಕು, ಮೊದಲಲ್ಲ. ಹಿಂದಿನ ಬರಹ ಬಹುಮಟ್ಟಿಗೆ ವರ್ಷಗಳ ನಂತರ ನೆನಪಿನಿಂದ ಬರೆದದ್ದು. ಒಂದೇ ಚಿತ್ರದ ಪ್ರತಿಗಳು ಸೈನಿಕರ ಕೈಯಿಂದ ಕೈಗೆ ಹೋಗುತ್ತಿದ್ದುದರಿಂದ ಫೋಟೊ ಇಟ್ಟುಕೊಂಡವರು ಆ ಜಾಗಕ್ಕೇ ಹೋಗಿರದೆಯೂ ಇರಬಹುದು. ತಗಡು ಒಂದು ಹೇಳಿ ಬರಹ ಇನ್ನೊಂದು ಹೇಳಿದರೆ ತಗಡನ್ನೇ ನಂಬಬೇಕು. ಸ್ಟುಡಿಯೋದ ಮೊಹರು, ಪ್ರಿಂಟಿನ ಕಾಗದದ ಹೆಸರು ಮಾತ್ರ ಬೆಲೆಯುಳ್ಳ ಸಾಕ್ಷಿ.

ಕೊಳ್ಳೇಗಾಲ, ಹನೂರು, ಯಳಂದೂರಿನ ಮನೆಗಳಲ್ಲಿ ತಾತಂದಿರ ಕಾಲದ ಇಂಥ ಫೋಟೊಗಳಿದ್ದರೆ ಎರಡೂ ಬದಿಯನ್ನು ಸ್ಕ್ಯಾನ್ ಮಾಡಿಸಿಡಿ. ಅಂಚು ಕತ್ತರಿಸಬೇಡಿ, ಹಿಂದೆ ಬಾಲ್‌ಪೆನ್ನಿನಿಂದ ಬರೆಯಬೇಡಿ, ಆಲ್ಬಮ್ಮಿಗೆ ಗೋಂದು ಹಚ್ಚಿ ಅಂಟಿಸಬೇಡಿ. ಫೋಟೊದಲ್ಲಿರುವವರ ಹೆಸರು, ಅವರ ಪಡೆ, ಸರ್ವಿಸ್ ಪುಸ್ತಕದ ವಿವರಗಳನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ.